ಮೊದಲ ಬೆಂಚಿನಲ್ಲಿ ಕೂತಿದ್ದವಳು

ಹಸಿರು ಶಾಲು ಹೊದ್ದು ತಡವಾಗಿ ಬಂದವರಿಗೆ,

ನಿಮ್ಮ ಹೆಸರು ನನಗೆ ಗೊತ್ತು. ಸಮಾಧಿಗೆ ಕಲ್ಲು ಕೆತ್ತುವವನು ವಿಳಾಸ ಕೊಡುವಾಗ ಅದನ್ನೂ ಹೇಳಿದ. ಆದರೂ ಇಲ್ಲಿ ಬರೆಯುವಷ್ಟು ಸಲಿಗೆ ನನಗೆ ಇನ್ನೂ ಬಂದಿಲ್ಲ. ನೀವು ನನ್ನನ್ನು ಗಮನಿಸಿರಲಾರಿರಿ. ನಿಮ್ಮ ತಂದೆಯನ್ನು ಮಣ್ಣು ಮಾಡಿದ ದಿನ ಆಸ್ಪತ್ರೆಯ ಹಿಂದಿನ ಪುಟ್ಟ ಪ್ರಾರ್ಥನಾಮಂದಿರದಲ್ಲಿ, ಕೊನೆಯ ಬೆಂಚಿನ ಮೂಲೆಯಲ್ಲಿ ನಾನು ಕೂತಿದ್ದೆ. ನಾನು ದೇವರನ್ನು ನಂಬುವವನಲ್ಲ, ಚಿಕ್ಕಮ್ಮನನ್ನು ಮನೆಗೆ ಕರೆದೊಯ್ಯಲು ಬಂದವನು. ಮೊದಲ ಬೆಂಚಿನಲ್ಲಿ ಕೂತು, "ನಾನು ಇವರ ಹೆಂಡತಿ" ಎಂದು ನಿಮಗೆ ಹೇಳಿದವಳೇ ಆ ಚಿಕ್ಕಮ್ಮ. ಅವಳು ನಿಮ್ಮ ತಂದೆಯ ಹೆಂಡತಿಯಲ್ಲ. ಯಾರ ಹೆಂಡತಿಯೂ ಅಲ್ಲ. ಮುಂದೆ ಓದದೆ ನೀವು ಈ ಕಾಗದವನ್ನು ಹರಿದು ಹಾಕಿದರೂ ಇಷ್ಟಾದರೂ ನಿಮ್ಮಲ್ಲಿ ಉಳಿಯಲಿ ಎಂದು ಇದನ್ನೇ ಮೊದಲು ಹೇಳುತ್ತಿದ್ದೇನೆ.

ಅವಳು ಆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ನನ್ನ ತಾಯಿ ತೀರಿಹೋದ ಮೇಲೆ ನಾನು ಬೆಳೆದದ್ದು ಅಲ್ಲೇ, ಹಗ್ಗಕ್ಕೆ ಹಾಕಿದ ಬಿಳಿ ಹೊದಿಕೆಗಳ ನಡುವೆ. ಇಸ್ತ್ರಿಯ ಹಬೆ ಎದ್ದಾಗ ಗೋಡೆಗಳು ಕಾಣುತ್ತಿರಲಿಲ್ಲ. ಹಬೆಯೊಳಗಿಂದ ಚಿಕ್ಕಮ್ಮನ ಕೈ ಮಾತ್ರ ಬರುತ್ತಿತ್ತು, ನನ್ನ ಮೂಗು ಒರೆಸಿ ಮತ್ತೆ ಹಬೆಯೊಳಕ್ಕೆ ಹೋಗುತ್ತಿತ್ತು. ಈಗಲೂ ದೇವರ ಬಗ್ಗೆ ಯಾರಾದರೂ ಮಾತಾಡಿದರೆ ನನಗೆ ಆ ಕೈಯಷ್ಟೇ ನೆನಪಾಗುತ್ತದೆ. ನಂಬಿಕೆಯ ವಿಷಯದಲ್ಲಿ ನಾನು ಅದಕ್ಕಿಂತ ಮುಂದೆ ಹೋಗಲೇ ಇಲ್ಲ.

ಯಾವ ಹಾಸಿಗೆಯಲ್ಲಿ ಯಾರು ಹೋದರು ಎಂಬುದು ಹೊದಿಕೆ ಬದಲಿಸುವವರಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಯಾರನ್ನು ನೋಡಲು ಯಾರೂ ಬಂದಿರಲಿಲ್ಲ ಎಂಬುದೂ ಅವರಿಗೇ ಗೊತ್ತು. ಬೀದಿಯಲ್ಲಿ ಮಲಗುತ್ತಿದ್ದವರು, ಊರೂರು ಅಲೆದವರು, ಊರೇ ನೆನಪಿಲ್ಲದವರು. ಅಂಥವರಿಗೆ ಆಸ್ಪತ್ರೆಯ ಬಡಗಿ ಶವಪೆಟ್ಟಿಗೆ ಮಾಡುತ್ತಿದ್ದ. ಯಾರನ್ನು ಕಂಡರೂ ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡುವ ಅಭ್ಯಾಸವಿದ್ದುದರಿಂದ ಅವನನ್ನು ಎಲ್ಲರೂ 'ಅಳತೆ' ಎನ್ನುತ್ತಿದ್ದರು. ಪಾದ್ರಿ ಪ್ರಾರ್ಥನೆ ಹೇಳುತ್ತಿದ್ದರು. ಕೊನೆಯಲ್ಲಿ ಮೊದಲ ಹಿಡಿ ಮಣ್ಣು ಹಾಕಲು ಸಂಬಂಧಿಕರನ್ನು ಕರೆಯಬೇಕು. ಪಾದ್ರಿ ತಲೆ ಎತ್ತುತ್ತಿದ್ದರು. ಮೊದಲ ಬೆಂಚು ಖಾಲಿ. ಅವರು ಕೆಮ್ಮಿ, ಕಣ್ಣು ತಗ್ಗಿಸಿ, ತಾವೇ ಮಣ್ಣು ಹಾಕುತ್ತಿದ್ದರು.

ಆ ಕೆಮ್ಮನ್ನು ಚಿಕ್ಕಮ್ಮನಿಗೆ ಸಹಿಸಲು ಆಗಲಿಲ್ಲ. ಒಂದು ದಿನ ಇಸ್ತ್ರಿ ಆರಿಸಿಟ್ಟು, ಒದ್ದೆ ಕೈಯಲ್ಲೇ ಹೋಗಿ ಮೊದಲ ಬೆಂಚಿನಲ್ಲಿ ಕೂತಳು. "ಸಂಬಂಧಿಕರು?" ಎಂದು ಪಾದ್ರಿ ಕೇಳಿದಾಗ ಎದ್ದು, "ನಾನು ಅಕ್ಕ" ಎಂದಳು. ಪೆಟ್ಟಿಗೆಯಲ್ಲಿದ್ದದ್ದು ಅವಳಿಗಿಂತ ತುಂಬ ಹಿರಿಯ ಮುದುಕ. ಪಾದ್ರಿಗೂ ಅದು ಗೊತ್ತಿತ್ತು. ಆದರೂ ಅವರು ಮಣ್ಣು ತುಂಬಿದ ತಟ್ಟೆಯನ್ನು ಅವಳ ಮುಂದೆ ಹಿಡಿದರು.

ಅಲ್ಲಿಂದ ಅದೇ ಪದ್ಧತಿಯಾಯಿತು. ಯಾರೂ ಇಲ್ಲದವರು ಹೋದ ದಿನ ಅಳತೆ ನಮ್ಮ ಬಾಗಿಲಿಗೆ ಬಂದು, "ಇವತ್ತು ಏನಾಗಿ ಬರ್ತೀಯ?" ಎಂದು ಕೇಳುತ್ತಿದ್ದ. ಅವಳು ಯೋಚಿಸಿ ಹೇಳುತ್ತಿದ್ದಳು. ಒಮ್ಮೆ ನಾದಿನಿ, ಒಮ್ಮೆ ಸೊಸೆ, ಒಮ್ಮೆ ಸೋದರತ್ತೆ. ಆಯಾ ಸಂಬಂಧಕ್ಕೆ ತಕ್ಕ ನಡತೆ. ಅತ್ತಿಗೆಯಾದ ದಿನ ಪೆಟ್ಟಿಗೆಯ ಪಕ್ಕ ಬಾಗಿ, "ಏನಪ್ಪಾ ಮೈದುನ, ಹೇಳದೆ ಕೇಳದೆ ಹೊರಟೇಬಿಟ್ಟೆಯಲ್ಲ" ಎಂದು ಗದರಿದ್ದಳು. ಅಜ್ಜಿಯೊಬ್ಬಳಿಗೆ ಸೊಸೆಯಾಗಿ ಹೋದವಳು ಒಣ ಕಣ್ಣಲ್ಲೇ ಮನೆಗೆ ಬಂದಳು. ಕೇಳಿದರೆ, "ಸೊಸೆ ಅಷ್ಟೊಂದು ಅತ್ರೆ ಯಾರು ನಂಬ್ತಾರೋ?" ಎಂದಳು. ಅಳತೆ ರೇಗಿಸುತ್ತಿದ್ದ: "ಮದುವೇನೇ ಆಗದೆ ಊರಿಗೆಲ್ಲ ನೆಂಟಳಾದೆಯಲ್ಲ ಮಾರಾಯ್ತಿ, ನನಗೇನಾಗ್ತೀಯ?" ಅವಳು ತಟ್ಟನೆ ಹೇಳುತ್ತಿದ್ದಳು: "ನೀನು ಮೊದಲು ಪೆಟ್ಟಿಗೆಯೊಳಗೆ ಮಲಗು, ಆಮೇಲೆ ನೋಡೋಣ."

ದೊಡ್ಡವನಾದ ಮೇಲೆ ನಾನು ಒಮ್ಮೆ ಕೇಳಿದ್ದೆ, ಸತ್ತವರಿಗೆ ಇದರಿಂದ ಏನು ಸಿಗುತ್ತದೆ ಎಂದು. ಬದುಕಿದ್ದಾಗ ಒಂದು ರೊಟ್ಟಿ ಕೊಟ್ಟರೆ ಆಗದೆ? ಅವಳು ರೊಟ್ಟಿಯನ್ನೂ ಕೊಡುತ್ತಿದ್ದಳು, ಅದು ಬೇರೆ. ಹೊದಿಕೆ ಮಡಚುತ್ತಲೇ ಹೇಳಿದಳು: "ನಮ್ಮ ಒಡೆಯ ಶಿಲುಬೆ ಮೇಲೆ ನೇತಾಡ್ತಾ ಇದ್ದಾಗ ಏನು ಮಾಡಿದ? ತನ್ನ ತಾಯೀನ ಸ್ನೇಹಿತನ ಕೈಗೆ ಒಪ್ಪಿಸಿದ, ಇನ್ನು ನೀವೇ ತಾಯಿ ಮಗ ಅಂದ. ರಕ್ತ ನೋಡಿದ್ನಾ? ನಂಟು ಅನ್ನೋದು ಹುಟ್ಟಿನಿಂದಲೇ ಬರಬೇಕಾಗಿಲ್ಲ ಕಣೋ, ಅದನ್ನ ಕೊಡಬಹುದು. ನನ್ನ ಹತ್ರ ಕೊಡೋಕೆ ಇರೋದು ಅದೊಂದೇ. ಹಿಡಿ, ಆ ತುದಿ ಹಿಡಿ." ನಾನು ಹೊದಿಕೆಯ ತುದಿ ಹಿಡಿದೆ. ಅವಳ ಮಾತು ಅಲ್ಲಿಗೆ ಮುಗಿದಿತ್ತು.

ಆದರೆ ಅವಳಿಗೊಂದು ನಿಯಮವಿತ್ತು, ನಿಮಗೆ ನೋವು ತಂದದ್ದು ಆ ನಿಯಮವೇ. ಒಮ್ಮೆ ಬೆಂಚಿನಲ್ಲಿ ಕೂತರೆ ಮಣ್ಣು ಬೀಳುವವರೆಗೆ ಆ ಸಂಬಂಧವನ್ನು ಬಿಡಬಾರದು. "ನಡುವೆ ಎದ್ದು ನಾನು ಯಾರೂ ಅಲ್ಲ ಅಂದ್ರೆ, ಆ ಜೀವ ಎರಡನೇ ಸಲ ಅನಾಥ ಆಗುತ್ತೆ" ಎನ್ನುತ್ತಿದ್ದಳು. ನಿಜವಾದ ನೆಂಟರು ಬಂದರೆ ಏನು ಮಾಡಬೇಕೆಂದು ಅವಳಾಗಲಿ, ಪಾದ್ರಿಯಾಗಲಿ, ಅಳತೆಯಾಗಲಿ ಯೋಚಿಸಿಯೇ ಇರಲಿಲ್ಲ. ಅಲ್ಲಿಯವರೆಗೆ ಯಾರೂ ಬಂದಿರಲಿಲ್ಲ.

ಅವಳು ಹೆಂಡತಿಯಾಗಿ ಹೋದದ್ದು ನಿಮ್ಮ ತಂದೆಗೊಬ್ಬರಿಗೇ. ಬೆಳಿಗ್ಗೆ ಅದನ್ನು ಕೇಳಿದ ಅಳತೆ ತಮಾಷೆ ಮಾಡದೆ ಪೆಟ್ಟಿಗೆಯ ಕೆಲಸಕ್ಕೆ ಹೋದ. ಯಾಕೆ ಎಂದು ನಾವು ಯಾರೂ ಕೇಳಲಿಲ್ಲ.

ನಿಮಗೆ ಸುದ್ದಿ ಯಾರಿಂದ ತಿಳಿಯಿತೋ, ನೀವು ಬಂದಾಗ ಪ್ರಾರ್ಥನೆ ನಡೆಯುತ್ತಿತ್ತು. ಬಾಗಿಲು ತೆರೆದುಕೊಂಡಿತು, ನೆಲದ ಮೇಲೆ ಒಂದು ಉದ್ದನೆಯ ಬೆಳಕು ಬಿತ್ತು, ಅದರೊಳಗೆ ನಿಮ್ಮ ನೆರಳು. ದೂರದಿಂದ ಬಂದ ಸುಸ್ತು ನಿಮ್ಮ ಶಾಲಿನ ಮಡಿಕೆಗಳಲ್ಲಿ ಕಾಣುತ್ತಿತ್ತು. ನಿದ್ದೆಯಲ್ಲಿ ನಡೆಯುವವರಂತೆ ನಡುದಾರಿಯಲ್ಲಿ ನಡೆದು ಪೆಟ್ಟಿಗೆಯ ಹತ್ತಿರ ನಿಂತಿರಿ. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, "ನೀವು ಯಾರು?" ಎಂದಿರಿ. ಅವಳು ನಿಮ್ಮ ಮುಖ ನೋಡಿದಳು. ಆ ಹಣೆ, ಆ ಗಲ್ಲ. ಪೆಟ್ಟಿಗೆಯಲ್ಲಿದ್ದ ಮುಖವೇ ಎಂದು ಅವಳಿಗೆ ತಿಳಿದುಹೋಗಿತ್ತು. ಹಿಂದಿನಿಂದ ನನಗೆ ಕಂಡದ್ದು ಅವಳ ಭುಜ ಒಮ್ಮೆ ಕುಸಿದು ಮತ್ತೆ ನೆಟ್ಟಗಾದದ್ದು ಮಾತ್ರ. "ನಾನು ಇವರ ಹೆಂಡತಿ" ಎಂದಳು.

ನೀವು ಜಗಳವಾಡಲಿಲ್ಲ. "ಹಾಗಾದರೆ ಇಷ್ಟು ವರ್ಷ ಇಲ್ಲಿದ್ದರೋ" ಎಂದಷ್ಟೇ ಹೇಳಿ, ಬಂದ ಹಾಗೆಯೇ ಹೊರಟುಹೋದಿರಿ. ಚಿಕ್ಕಮ್ಮ ಮಣ್ಣು ಹಾಕಿದಳು. ಹಾಕಿದವಳೇ ಓಡಿದಳು, ಮಂಡಿನೋವಿನ ಹೆಂಗಸು, ಕೈಯ ಮಣ್ಣನ್ನೂ ಒರೆಸಿಕೊಳ್ಳದೆ. ರಸ್ತೆಯಲ್ಲಿ ಬಸ್ಸು ಎಬ್ಬಿಸಿದ ಧೂಳಿತ್ತು, ಹಸಿರು ಶಾಲು ಇರಲಿಲ್ಲ.

ಆಮೇಲೊಂದು ದಿನ ನೀವು ಕಲ್ಲು ಕೆತ್ತುವವನ ಬಳಿ ಬಂದು ಸಮಾಧಿಗೆ ಕಲ್ಲು ಮಾಡಲು ಹೇಳಿಹೋದಿರಂತೆ. ಹೆಸರಿನ ಕೆಳಗೆ ಏನು ಸಂಬಂಧ ಕೆತ್ತಲಿ ಎಂದು ಅವನು ಕೇಳಿದ್ದಕ್ಕೆ, "ಏನೂ ಬೇಡ" ಎಂದಿರಂತೆ. ಆದರೂ ಅವನು ಆ ಜಾಗವನ್ನು ನಯ ಮಾಡಿ ಬಿಟ್ಟಿದ್ದಾನೆ. ಚಿಕ್ಕಮ್ಮ ಪ್ರತಿ ಭಾನುವಾರ ಅದನ್ನು ಸೆರಗಿನಿಂದ ಒರೆಸಿ ಬರುತ್ತಿದ್ದಳು. ಮೊದಲ ಬೆಂಚಿನಲ್ಲಿ ಮತ್ತೆ ಕೂರಲಿಲ್ಲ. ಪಾದ್ರಿಯ ಕೆಮ್ಮು ಮತ್ತೆ ಕೇಳತೊಡಗಿತು.

ಈಗ ಅವಳು ಮಲಗಿದ್ದಾಳೆ, ಏಳುವುದಿಲ್ಲ. ಜ್ವರದಲ್ಲಿ ಅವಳು ಕೊಟ್ಟ ನಂಟುಗಳೆಲ್ಲ ಕೋಣೆಯೊಳಗೆ ಬಂದು ಹೋಗುತ್ತಿವೆ. ನನ್ನನ್ನು ಭಾವ ಎನ್ನುತ್ತಾಳೆ, ಮಾವ ಎನ್ನುತ್ತಾಳೆ, ಯಾರೋ ಮುದುಕನ ಕ್ಷೇಮ ಕೇಳುತ್ತಾಳೆ. ಕಿಟಕಿಯ ಪರದೆ ಅಲುಗಿದರೆ ಹಗ್ಗಕ್ಕೆ ಹಾಕಿದ ಹೊದಿಕೆ ಎಂದುಕೊಂಡು ಒಣಗಿದೆಯೇ ನೋಡು ಎನ್ನುತ್ತಾಳೆ. ಆದರೆ ಮೊನ್ನೆ ಮಧ್ಯಾಹ್ನ, ಬಿಸಿಲು ಹಾಸಿಗೆಯ ಅಂಚಿಗೆ ಬಂದಾಗ, ತೀರಾ ತಿಳಿಯಾದ ದನಿಯಲ್ಲಿ ನಿಮ್ಮ ತಂದೆಯ ಕೊನೆಯ ದಿನದ ಬಗ್ಗೆ ಹೇಳಿದಳು. ನಾನು ಈ ಕಾಗದ ಬರೆಯುತ್ತಿರುವುದು ಅದಕ್ಕಾಗಿ.

ಅವಳು ಹೊದಿಕೆ ಬದಲಿಸಲು ಬಾಗಿದಾಗ ಅವರು ಅವಳ ಮಣಿಕಟ್ಟು ಹಿಡಿದುಕೊಂಡರಂತೆ. ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. "ಬಂದೆಯಾ?" ಎಂದರಂತೆ. ಇವಳು ಬೇರೆ ಏನು ಹೇಳಿಯಾಳು? "ಬಂದೆ" ಎಂದಳು. ಆಮೇಲೆ, "ಮಗು ಮಲಗಿತಾ?" ಎಂದು ಕೇಳಿದರು. "ಮಲಗಿತು" ಎಂದಳು. "ದೀಪ ಸಣ್ಣ ಮಾಡು, ಕಣ್ಣಿಗೆ ಹೊಡೆಯುತ್ತೆ ಅದಕ್ಕೆ." ಹಗಲು ಹೊತ್ತು. ಅವಳು ಎದ್ದು ಹೋಗಿ ಕಿಟಕಿಯ ಪರದೆ ಎಳೆದು ಬಂದಳು. ಅಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು.

ಅವರು ನಿಮ್ಮನ್ನೂ ನಿಮ್ಮ ತಾಯಿಯನ್ನೂ ಯಾಕೆ ಬಿಟ್ಟು ಹೊರಟರೋ ನನಗೆ ತಿಳಿಯದು. ಅವರು ಒಳ್ಳೆಯವರೆಂದು ವಕಾಲತ್ತು ವಹಿಸಲು ನಾನು ಕೂತಿಲ್ಲ. ಅವರಿಗೆ ಇಲ್ಲಿ ಬೇರೆ ಮನೆ ಇರಲಿಲ್ಲ, ಬೇರೆ ಹೆಂಡತಿ ಇರಲಿಲ್ಲ. ಕೊನೆಗೆ ಅವರು ಹೋಗಿ ಸೇರಿದ್ದು ನೀವು ಮಲಗಿದ್ದ ಕೋಣೆಗೆ. ಈ ಮಾತು ನಿಮ್ಮದು, ಇಷ್ಟು ದಿನ ಚಿಕ್ಕಮ್ಮನಲ್ಲಿ ಉಳಿದುಹೋಗಿತ್ತು.

ಅದನ್ನು ಹೇಳಿದ ಮೇಲೆ ಚಿಕ್ಕಮ್ಮ ಎಚ್ಚರವಾದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾಳೆ: "ಆ ಹುಡುಗಿ ಬಂದ್ಲಾ?" ನೀವು ಹುಡುಗಿಯಲ್ಲ, ನಿಮ್ಮ ಕಿವಿಯ ಬಳಿ ನರೆಗೂದಲು ನೋಡಿದ್ದೇನೆ. ಅವಳಿಗೆ ಮಾತ್ರ ನೀವು ದೀಪ ಸಣ್ಣ ಮಾಡಿದ ಕೋಣೆಯಲ್ಲಿ ಮಲಗಿರುವ ಮಗು. ಮೊದಲ ಬೆಂಚಿನ ವಿದ್ಯೆಯನ್ನು ನಾನು ಕಲಿತವನಲ್ಲ. ಆದರೂ ಬಾಯಿಂದ ತಾನಾಗಿ ಬಂತು, "ಬರ್ತಾಳೆ ಚಿಕ್ಕಮ್ಮ, ದಾರೀಲಿದ್ದಾಳೆ" ಎಂದೆ. ಅವಳು ಕಣ್ಣು ಮುಚ್ಚಿದಳು. ನಾನು ಎದ್ದು ಪರದೆ ಎಳೆದೆ.

ಅದು ಸುಳ್ಳೋ ನಿಜವೋ ನಿಮ್ಮ ಕೈಯಲ್ಲಿದೆ. ಅಳತೆ ದಿನಾ ಬಂದು ಬಾಗಿಲಲ್ಲಿ ನಿಂತು ಹೋಗುತ್ತಾನೆ. ಈಗ ಅವಳನ್ನು ಮಾತ್ರ ಅಡಿಯಿಂದ ಮುಡಿಯವರೆಗೆ ನೋಡುವುದಿಲ್ಲ, ಗೋಡೆ ನೋಡುತ್ತಾನೆ. ನೀವು ಬಂದರೆ ಅವಳನ್ನು ಕ್ಷಮಿಸಬೇಕೆಂದೇನೂ ಇಲ್ಲ, ಬೈದರೂ ಸರಿ. ತಡವಾದರೂ ಬನ್ನಿ. ಅವಳ ನಿಯಮದ ಪ್ರಕಾರ ಮಣ್ಣು ಬೀಳುವವರೆಗೆ ಯಾವ ನಂಟೂ ಕಡಿದುಹೋಗುವುದಿಲ್ಲ. ಬಂದ ದಿನ, ನಿಮಗೆ ಮನಸ್ಸಾದರೆ, ಕಲ್ಲು ಕೆತ್ತುವವನಲ್ಲಿಗೂ ಹೋಗೋಣ. ಅವನು ಬಿಟ್ಟ ಜಾಗ ಒಂದು ಪದಕ್ಕೆ ಸಾಕಾಗುವಷ್ಟಿದೆ.

ದಾರಿಯಲ್ಲಿ ನಿಮಗೆ ಕಿಟಕಿಯ ಪಕ್ಕದ ಜಾಗ ಸಿಗಲಿ, ನಿದ್ದೆ ಹತ್ತಲಿ, ಇಳಿಯುವ ಹೊತ್ತಿಗೆ ಯಾರಾದರೂ ಮೆಲ್ಲಗೆ ಎಬ್ಬಿಸಲಿ. ಚಿಕ್ಕಮ್ಮನ ದೇವರನ್ನು ನಿಮಗಾಗಿ ಕೇಳುವುದಿದ್ದರೆ ನಾನು ಇಷ್ಟನ್ನೇ ಕೇಳುತ್ತೇನೆ.

ಅವಳು ನಿಮ್ಮ ತಂದೆಗೆ ಏನಾಗಿದ್ದಳೋ ಆ ಲೆಕ್ಕದಲ್ಲಿ,
ನಿಮ್ಮ ಅಣ್ಣ