ರೊದ್ದಂ ದಾಟದ ಬಸ್ಸು

ಹಿಂದೂಪುರ

ಪ್ರೀತಿಯ ಮಧು,

ಆಷಾಢಕ್ಕೆ ತವರಿಗೆ ಬಂದವಳಿಗೆ ಬೇರೆ ಕೆಲಸವೇನು? ನೀವು ಕಳಿಸಿದ ಗೇಮ್ ಡೆಮೊಗಳನ್ನೆಲ್ಲ ಆಡಿದೆ. ಮೊದಲ ಅನಿಸಿಕೆ ಕೇಳಿದ್ದಿರಲ್ಲ. ನಿಮ್ಮ ಗೆಳೆಯರ ದೀಪದ ಗೇಮ್ ಸೂಪರ್! ಬೆಕ್ಕಿನದು ಅದಕ್ಕಿಂತ ಸೂಪರ್! ನೀವು ಮಾಡಿದ್ದರಲ್ಲಿ ಕುರಿಗಳು ತುಂಬಾ ಮುದ್ದು. ಆದರೆ ಮದುಮಗ ನಿಮ್ಮ ಕಲ್ಯಾಣದುರ್ಗದಲ್ಲಿ ಬಸ್ಸು ಹತ್ತಿ ಅರ್ಧ ದಾರಿಯ ರೊದ್ದಂ ತಲುಪುತ್ತಲೇ ಡೆಮೊ ಮುಗಿಯುತ್ತದೆ. ಹಿಂದೂಪುರದ ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿ ಕಾಯುತ್ತಲೇ ಇರುತ್ತಾಳೆ.

ಪಕ್ಕದಲ್ಲಿದ್ದ ಅಮ್ಮ, "ಅಳಿಯಂದ್ರು ರೊದ್ದದಾಗೇ ಇಳ್ಕಂಬುಟ್ರೇನಮ್ಮ?" ಎಂದು ನಕ್ಕಳು.

ಆಷಾಢದಲ್ಲಿ ಹೊಸ ಅಳಿಯ ಅತ್ತೆಮನೆಯ ಹೊಸ್ತಿಲು ತುಳಿಯಬಾರದು, ಒಪ್ಪಿದೆ. "ಬಸ್‌ಸ್ಟ್ಯಾಂಡಿಗೆ ಎಲ್ಲೈತೆ ಕಣಮ್ಮ ಹೊಸ್ಲು?" ಎಂದು ಕೇಳಿದವಳೂ ಅಮ್ಮನೇ.

ಭಾನುವಾರ ಬರುವಾಗ ನನ್ನ ಹೆಡ್‌ಫೋನ್ ತನ್ನಿ.

ನಿಮ್ಮ
ಕೀರ್ತನಾ