ಕಲೇಜಿ ಇಲ್ಲದ ಪಾಲು

ನಿಡೋಣಿ
2 ಜೂನ್ 2025

ಮಗಳು ಮಾಲಾಳಿಗೆ ನಿನ್ನವ್ವ ಮಾಡುವ ಆಶೀರ್ವಾದ.

ಬರೆಯಲು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ಸಿಟ್ಟಿನ ಭರದಲ್ಲಿ ಏನಾದರೂ ಅಂದುಬಿಡುತ್ತಿದ್ದೆ, ಕಾಗದದ ಮೇಲೆ ನನ್ನ ನಾಲಿಗೆ ಸ್ವಲ್ಪ ಹಿಡಿತದಲ್ಲಿರುತ್ತದೆ. ಅಳಿಯಂದಿರು, ಮೊಮ್ಮಗಳು ಆರಾಮ ಇದ್ದಾರೆಂದುಕೊಂಡಿದ್ದೇನೆ. ಪೇಟೆಯ ಜಲನಗರದಲ್ಲಿ ಇದ್ದುಕೊಂಡು ಆರಾಮ ಇರದೆ ಇನ್ನೇನು.

ಅಪ್ಪ ಯಾಕೆ ಫೋನ್ ಎತ್ತುತ್ತಿಲ್ಲ ಎಂದು ಕೇಳಿದ್ದೀಯ. ಹೇಳುತ್ತೇನೆ.

ಅಥಣಿ ರಸ್ತೆಯ ಹೋಟೆಲಿಗೆ ಮಟನ್ ಕೊಡುವ ಕೆಲಸವನ್ನು ಅಪ್ಪನಿಗೆ ಕೊಡಿಸಿದವಳು ನೀನೇ. ಅದರ ಮಾಲೀಕ ಚೇತನಕುಮಾರ ನಿಮಗೆ ಪರಿಚಯ. ದೊಡ್ಡ ಕಂಪನಿಯವರ ಮಂಜುಗಟ್ಟಿದ ಮಾಂಸ ಸಾಕಾಗಿದೆ, ಸಣ್ಣವರಿಂದ ತಾಜಾ ಬೋನ್‌ಲೆಸ್ ಪಾಕೀಟು ಬೇಕು ಅಂದಿದ್ದನಂತೆ. ನಿಮ್ಮಪ್ಪ ಹಿಗ್ಗಿ ಹೀರೇಕಾಯಿಯಾದರು. ಅಂಗಡಿಯ ಗೋಡೆಗೆ ಬಿಳಿ ಟೈಲ್ಸ್ ಹಚ್ಚಿಸಿದರು, ಪರವಾನಗಿಗೆಂದು ಬಬಲೇಶ್ವರಕ್ಕೆ ಅಲೆದು ಚಪ್ಪಲಿ ಸವೆಸಿದರು, ಪಾಕೀಟು ಸೀಲ್ ಮಾಡುವ ಯಂತ್ರ ತಂದರು. ಜೀವಮಾನವೆಲ್ಲ ಕತ್ತಿ ಹಿಡಿದ ಕೈ ಪ್ಲಾಸ್ಟಿಕ್ ಚೀಲದ ಬಾಯಿ ಬಿಡಿಸಲಾಗದೆ ಒದ್ದಾಡುವುದನ್ನು ನೋಡಿ ನಾನು ನಕ್ಕಿದ್ದೇ ನಕ್ಕಿದ್ದು.

ರವಿವಾರ ಓಣಿಯವರೆಲ್ಲ ಕೂಡಿ ನಿಮ್ಮಪ್ಪನ ಕೈಯಿಂದ ಕುರಿ ಕೊಯ್ಯಿಸಿ ಪಾಲು ಹಾಕಿಸಿಕೊಳ್ಳುವುದನ್ನು ನೀನು ಮರೆತಿರಲಿಕ್ಕಿಲ್ಲ. ಮುತ್ತಲ ಎಲೆಯ ಮೇಲೆ ಪ್ರತಿ ಪಾಲಿಗೂ ಒಂದು ಚೂರು ಕಲೇಜಿ, ನಿಮ್ಮ ಪೇಟೆಯವರು ಲಿವರ್ ಅನ್ನುವುದು, ಬೀಳಲೇಬೇಕು. ಬಾರದವರ ಎಲೆಯೂ ಖಾಲಿ ಇರಬಾರದು. ಕಲೇಜಿ ಇಲ್ಲದ ಪಾಲು ಕೊಟ್ಟರೆ ಆ ಮನೆಯವರಿಗೆ ಅವಮಾನ ಮಾಡಿದಂತೆ. ಆ ಕೈ ಹೋಟೆಲಿನ ಪಾಕೀಟಿಗೂ ಅದನ್ನೇ ಮಾಡಿತು. ಎಲುಬೆಲ್ಲ ಬಿಡಿಸಿದರು, ಕಲೇಜಿ ಬಿಡಲು ಮನಸ್ಸು ಬರಲಿಲ್ಲ. "ಕೊಟ್ಟರ ಪೂರಾ ಕೊಡಬೇಕು" ಎಂದು ಒಂದೊಂದರಲ್ಲೂ ಒಂದು ಚೂರು ಹಾಕಿದರು.

ನಮ್ಮ ಓಣಿಯ ಅತೀಕ ತನ್ನ ಟೆಂಪೋದಲ್ಲಿ ಪಾಕೀಟಿನ ಡಬ್ಬಿ ಹೇರಿ, ಇವರನ್ನೂ ಕೂರಿಸಿಕೊಂಡು ಹೋಟೆಲಿಗೆ ಹೋದ. ಚೇತನಕುಮಾರ ಒಂದು ಪಾಕೀಟು ಹರಿದು ನೋಡಿ, ಊಟಕ್ಕೆ ಕೂತವರ ಮುಂದೆಯೇ, ಕಲೇಜಿ ಯಾರು ಕೇಳಿದ್ದರು, ಇದೇನು ಕಸ ತುಂಬಿ ತಂದಿದ್ದೀಯ ಎಂದು ಕೂಗಾಡಿದನಂತೆ. ಆಮೇಲೆ, "ನೀ ತಂದಿದ್ದು ನೀನ ನಾಯಿಗೆ ಸುರಿ" ಅಂದನಂತೆ. ನಿಮ್ಮಪ್ಪ ಹೋಟೆಲಿನ ಹಿತ್ತಲಿಗೆ ಹೋಗಿ ಒಂದೊಂದೇ ಪಾಕೀಟು ಹರಿದು ಸುರಿದು ಬಂದರು.

ಮಾಲಾಗೆ ಹೇಳಿದ್ದರೆ ಅವಳಾದರೂ ಬಂದು ಒಂದು ಮಾತು ಆಡುತ್ತಿದ್ದಳಲ್ಲ ಎಂದು ಅವರಿಗೆ ಅಂದೆ. "ಆಕಿ ಅಲ್ಯಾಕ ಇರ್ತಾಳ" ಎಂದು ಗೋಡೆಯ ಕಡೆ ಹೊರಳಿ ಮಲಗಿದರು.

ನಮ್ಮ ಚಿಂತೆ ಬಿಡು. ತಿಕೋಟಾದಲ್ಲಿ ಧಾಬಾ ನಡೆಸುವ ರೇಣುಕವ್ವ, ಕಲೇಜಿ ಹಾಕಿದ ಪಾಕೀಟೇ ತನಗೆ ಬೇಕೆಂದು ಬಂದು ಹೇಳಿ ಹೋಗಿದ್ದಾಳೆ. ನಿಮ್ಮಪ್ಪ ಇನ್ನೂ ಹೂಂ ಅಂದಿಲ್ಲ, ನಾನೇ ಅಂದಿದ್ದೇನೆ. ಇನ್ನು ಮೇಲೆ ಯಾರ ಶಿಫಾರಸೂ ಬೇಕಾಗಿಲ್ಲ.

ಮೊಮ್ಮಗಳಿಗೆ ನನ್ನ ಮುತ್ತು. ನಿನ್ನ ಮನೆ ತುಂಬಿರಲಿ. ನಿನ್ನ ಮಗಳು ನಿನ್ನನ್ನು ಎಲ್ಲರ ಎದುರಿಗೂ ಅವ್ವಾ ಎಂದು ಕರೆಯಲಿ.

ನಿನ್ನವ್ವ,
ಹುಲಿಗೆವ್ವ

ತಾ.ಕ.: ಅತೀಕನ ಬಾಯಿ ಬಿಡಿಸಿದೆ. ಅಂದು ನೀನು ಅಳಿಯಂದಿರ ಆಫೀಸಿನವರ ಜೊತೆ ಅಲ್ಲೇ ಊಟಕ್ಕೆ ಕೂತಿದ್ದೆಯಂತೆ. ಚೇತನಕುಮಾರ ನಿನ್ನ ಕಡೆ ತಿರುಗಿ, ಈ ಮನುಷ್ಯ ನಿಮಗೆ ಏನಾಗಬೇಕು ಎಂದು ಕೇಳಿದನಂತೆ. "ಏನೂ ಇಲ್ರಿ, ನಮ್ಮೂರ ಕಡಿಯಂವ, ಮಟನ್ ತರ್ತಾನ" ಎಂದು ನೀನು ತಾಟಿನ ಕಡೆ ಮುಖ ಮಾಡಿದೆಯಂತೆ. ನಾಯಿಗೆ ಸುರಿ ಎಂದು ಅವನು ಅಂದದ್ದು ಅದಾದ ಮೇಲೆ. ನಿಮ್ಮಪ್ಪ ಇದನ್ನು ಇವತ್ತಿಗೂ ನನಗೆ ಹೇಳಿಲ್ಲ. ನೀನು ಮದುವೆಯಾಗಿ ಹೋದ ಮೇಲೂ ಪ್ರತಿ ರವಿವಾರ ಕೊನೆಗೆ ನಿನ್ನ ಹೆಸರಿನಲ್ಲೊಂದು ಪಾಲು ಹಾಕಿ, ನೀನು ಬಾರದಿದ್ದರೆ ಪಕ್ಕದ ಮನೆಯ ಬೋರವ್ವನಿಗೆ ಕೊಡುತ್ತಿದ್ದರು. ನಿನ್ನೆ ರವಿವಾರವೂ ನಾನು ಎಂದಿನಂತೆ ಎಲೆ ಹಾಸಿದೆ. ಕೊನೆಯ ಎಲೆಯನ್ನು ಎತ್ತಿ ನನ್ನ ಕೈಗೆ ಕೊಟ್ಟು, "ಇದು ಬ್ಯಾಡ" ಅಂದರು.