ನಮ್ಮಪ್ಪ ಗೆಲ್ಲಲಿ

ದನಿ ತುಂಬುವ ಕೋಣೆ,
ಶುಕ್ರವಾರ, ಊಟದ ಬಿಡುವು

ನನ್ನ ಅಕ್ಕಾ,

ಹೇಗಿದ್ದೀಯ? ಸಿಡಿಮದ್ದಿನ ಪುಡಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ? ಚಿತ್ರದಲ್ಲಿ ಸೊರಗಿದಂತೆ ಕಂಡೆ. ಕೂದಲು ಯಾರ ಹತ್ತಿರ ಕತ್ತರಿಸಿಕೊಂಡೆಯೋ, ಇಲಿ ಕಡಿದ ಹಾಗಿದೆ. ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಬರೆದಿದ್ದೇನೆ. ಅಮ್ಮನ ಕಿವಿ ಈಗ ಪೂರ್ತಿ ಹೋಗಿದೆ. ತುಟಿ ನೋಡಿಯೇ ಎಲ್ಲ ತಿಳಿಯುತ್ತಾಳೆ, ನಾನು ಒಳಗೊಳಗೇ ಗೊಣಗಿದರೂ ಸಿಕ್ಕಿಬೀಳುತ್ತೇನೆ. ಈ ಪತ್ರ ಅಂಚೆಯಲ್ಲಿ ಬರುತ್ತಿಲ್ಲ, ಅದಕ್ಕೇ ಇಷ್ಟು ಬಿಚ್ಚಿ ಬರೆಯುವ ಧೈರ್ಯ.

ನನ್ನ ಕೆಲಸ ನಿನಗೆ ಗೊತ್ತಲ್ಲ. ಯುದ್ಧ ಶುರುವಾದ ಮೇಲೆ ಸರ್ಕಾರ ತೆಗೆಸುವುದೆಲ್ಲ ಹೆಂಗಸರ ಚಿತ್ರಗಳೇ. ಟ್ರಕ್ಕು ಓಡಿಸುವವಳು, ಮದ್ದು ತುಂಬುವವಳು, ಮಗ ಸತ್ತ ತಂತಿ ಓದಿ ನಗುವ ತಾಯಿ, ಎಲ್ಲರಿಗೂ ನನ್ನದೇ ದನಿ. ಮೊನ್ನೆ ಒಂದೇ ದಿನ ಏಳು ಗಂಡುಮಕ್ಕಳನ್ನು ಯುದ್ಧಕ್ಕೆ ಕಳಿಸಿಕೊಟ್ಟೆ, ಮದುವೆಯೇ ಆಗದವಳು! ಕಾರ್ಖಾನೆಯ ಗಲಾಟೆಯಲ್ಲಿ ದನಿ ಹಿಡಿಯಲಾಗದು ಅಂತ ಬರೀ ಮುಖ ಹಿಡಿದು ತರುತ್ತಾರೆ, ನಾವು ತುಟಿಗೆ ಮಾತು ಹೊಂದಿಸುತ್ತೇವೆ. ಹಾಗೆ ಕೂತಿದ್ದಾಗ ಹೋದ ವಾರ ಪರದೆಯ ಮೇಲೆ ನೀನು ಬಂದೆ.

ನಿನ್ನ ಸುತ್ತ ಮದ್ದು ತುಂಬುತ್ತಿದ್ದವರೆಲ್ಲ ನಗುತ್ತಿದ್ದರು. ನೀನು ತಲೆ ಎತ್ತಿ ಕ್ಯಾಮೆರಾವನ್ನೇ ನೋಡಿ, ಅಮ್ಮನ ಜೊತೆ ಮಾತಾಡುವಾಗ ತುಟಿ ಬಿಡಿಸುತ್ತೇವಲ್ಲ, ಹಾಗೆ ನಿಧಾನವಾಗಿ ಕೇಳಿದೆ: 'ನಮ್ಮಪ್ಪ ಎಲ್ಲಿ?' ಅಪ್ಪನನ್ನು ಗಡಿಯಾರದಂಗಡಿಯಿಂದ ಕರೆದುಕೊಂಡು ಹೋಗಿ ಒಂಬತ್ತು ತಿಂಗಳಾಯಿತು, ಕೇಳಲು ಹೋದ ಚಿಕ್ಕಪ್ಪನೂ ಹಿಂತಿರುಗಿಲ್ಲ. ಪಕ್ಕದಲ್ಲಿದ್ದ ಮೇಲ್ವಿಚಾರಕ 'ಏನಂತಾಳೆ ಇವ್ಳು?' ಅಂದ. ದೇಶದ ಯಜಮಾನನನ್ನು ಎಲ್ಲರೂ ಅಪ್ಪ ಅನ್ನಲೇಬೇಕು ಅಂತ ಕಾನೂನು ಬಂದಾಗ ನಾವಿಬ್ಬರೂ ನಮ್ಮವನು ಮನೆ ಅಪ್ಪ, ಪಟದಲ್ಲಿರುವವನು ಗೋಡೆ ಅಪ್ಪ ಅಂತ ನಗುತ್ತಿದ್ದೆವಲ್ಲ, ಆ ಗೋಡೆ ಅಪ್ಪನೇ ಉಳಿಸಿದ. 'ನಮ್ಮಪ್ಪ ಗೆಲ್ಲಲಿ ಅಂತಾಳೆ ಸಾರ್' ಅಂದೆ. ಹೆಚ್ಚುಕಡಿಮೆ ಕೂತಿತು. ಕೊನೆಯ 'ಲಿ' ಮಾತ್ರ ನೀನು ಬಾಯಿ ಮುಚ್ಚಿದ ಮೇಲೂ ಉಳಿಯಿತು. ಅವನಿಗೆ ಎಷ್ಟು ಹಿಡಿಸಿತೆಂದರೆ ಅದನ್ನೇ ಚಿತ್ರದ ಹೆಸರು ಮಾಡಿದ.

ಬುಧವಾರ ಮ್ಯಾಟಿನಿಗೆ ನಮ್ಮ ಬೀದಿಯವರೆಲ್ಲ ಹೋಗಲೇಬೇಕಿತ್ತು. ಹಾಜರಿ ಹಾಕುತ್ತಾರೆ, ಅಮ್ಮನನ್ನು ಬಿಟ್ಟು ಹೋಗುವಂತಿರಲಿಲ್ಲ. ನಿನ್ನ ಮುಖ ಬಂದಾಗ ಚಪ್ಪಾಳೆಯೋ ಚಪ್ಪಾಳೆ. ಅಮ್ಮನಿಗೆ ನನ್ನ ದನಿ ಎಲ್ಲಿ ಕೇಳಬೇಕು? ನಿನ್ನ ತುಟಿ ನೋಡಿದಳು. ಎದ್ದು ನಿಂತು, ಕಿವಿ ಕೇಳದವರ ಆ ದೊಡ್ಡ ದನಿಯಲ್ಲಿ, 'ನಂಗೂ ಗೊತ್ತಿಲ್ಲ ಮಗಳೇ, ಯಾರೂ ಹೇಳ್ತಿಲ್ಲ!' ಅಂದಳು. ಅವಳ ಬಾಯಿಗೆ ಕೈ ಒತ್ತಿ ಕೂರಿಸಿದೆ. ಹೆತ್ತ ತಾಯಿಯ ಬಾಯಿ ಮುಚ್ಚಿಸಿದೆ ಅಕ್ಕಾ, ನನ್ನ ಬಗ್ಗೆ ನನಗೇ ನಾಚಿಕೆಯಾಗುತ್ತದೆ. ಮುಂದಿನ ಸಾಲಿನವನೊಬ್ಬ ತಿರುಗಿ ನಮ್ಮನ್ನು ನೋಡಿದ, ಆಮೇಲೆ ಪರದೆಯನ್ನು ನೋಡಿದ. ಅಂದಿನಿಂದ ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ದೀಪ ಆರಿಸುತ್ತೇನೆ.

ಹೊಟ್ಟೆ ತುಂಬ ಉಣ್ಣು, ಬಿಸಿನೀರು ಕುಡಿ. ನಿನ್ನ ತಲೆ ನೇವರಿಸಿದೆ ಅಂತ ಬರೆ ಅಂದಿದ್ದಾಳೆ ಅಮ್ಮ. ನೇವರಿಸುತ್ತಾ ಆ ಕೂದಲಿಗೆ ಬೈದೇ ಬೈಯುತ್ತಾಳೆ.

ನಿನ್ನ ಬಾಯಿಬಡಕಿ ತಂಗಿ

ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ, ಇಷ್ಟು ಹೊತ್ತು ಬರೆಯಲು ಕೈ ಬರಲಿಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕೆ ನಿನ್ನ ಆ ತುಣುಕನ್ನು ಕಿವುಡರ ಶಾಲೆಯ ಮೇಷ್ಟ್ರಿಗೆ ತೋರಿಸುತ್ತಾರಂತೆ. ಅವರಿಗೂ ಕಿವಿ ಕೇಳುವುದಿಲ್ಲ. ನನ್ನ ದನಿ ಅವರ ಹತ್ತಿರ ನಡೆಯುವುದಿಲ್ಲ. ಈ ಪತ್ರ ತಂದ ಹೆಂಗಸು ಇವತ್ತು ಸಂಜೆಯೇ ತನ್ನ ಟ್ರಕ್ಕಿನಲ್ಲಿ ರೀಲಿನ ಡಬ್ಬಿಗಳನ್ನು ಗಡಿಯವರೆಗೆ ಒಯ್ಯುತ್ತಾಳೆ, ಡಬ್ಬಿಗಳ ಹಿಂದೆ ಒಬ್ಬರು ಕೂರುವಷ್ಟು ಜಾಗವಿದೆ. ಬಟ್ಟೆಬರೆ ತರಲು ಹೋಗಬೇಡ, ಉಟ್ಟ ಬಟ್ಟೆಯಲ್ಲೇ ಹತ್ತು. ಪತ್ರ ಒಲೆಗೆ ಹಾಕು. ನಮಗಾಗಿ ಕಾಯಬೇಡ, ಜಾಗ ಇರುವುದು ಒಬ್ಬರಿಗೇ. ಹತ್ತು ಗಂಟೆಗೆ ಮೇಷ್ಟ್ರ ಪಕ್ಕದಲ್ಲಿ ಕೂರಲು ನನಗೂ ಹೇಳಿದ್ದಾರೆ.